ಮಳೆ ರಜೆ ಸಿಕ್ಕಿದೆ: ಮಲಗಲೋ, ಓದಲೋ, ಬರೆಯಲೋ?

ಸಂಕದಾಚೆ · ಬುಧವಾರ ರಾತ್ರಿ 9:10

ಸೋಮವಾರದಿಂದ ದಿನಾ ರಾತ್ರಿ ಎಂಟರ ಹೊತ್ತಿಗೆ ‘ನಾಳೆಯೂ ಶಾಲೆಗೆ ರಜೆ’ ಅಂತ ಡೀಸಿ ಆದೇಶ ಬರ್ತಾ ಇದೆ. ನಾನು ಶಿರಸಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಈ ರಜೆಯನ್ನೆಲ್ಲ ಮುಂದೆ ಶನಿವಾರ ಪೂರ್ತಿ ದಿನ ಪಾಠ ಮಾಡಿ ತುಂಬಿಸಿಕೊಡಬೇಕು, ಅದು ಬೇರೆ ಮಾತು. ಸದ್ಯಕ್ಕೆ ಪುನರ್ವಸು ಮಳೆ ಬಿಡದೆ ಹೊಯ್ತಾ ಇದೆ, ನಾನು ಮನೆಯಲ್ಲಿದ್ದೇನೆ.

ಮೊದಲ ದಿನವೇ ಪಟ್ಟಿ ಹಾಕಿದ್ದೆ. ಬೆಳಿಗ್ಗೆ 5ರಿಂದ 7 ಬರವಣಿಗೆ. ಮಧ್ಯಾಹ್ನ ಊಟದ ಮೇಲೆ ಒಂದು ತಾಸು ನಿದ್ದೆ. 3ರಿಂದ 5 ಓದು. ರಾತ್ರಿ ಬೆಳಿಗ್ಗೆ ಬರೆದದ್ದನ್ನು ತಿದ್ದುವುದು. ಎರಡು ವರ್ಷದಿಂದ ಅರ್ಧಕ್ಕೆ ನಿಂತ ಕಥೆಯೊಂದಿದೆ, ಅದನ್ನು ಈ ವಾರ ಮುಗಿಸಿಯೇ ಬಿಡುವುದು ಅಂತ. ಓದದೆ ಪೇರಿಸಿಟ್ಟ ಪುಸ್ತಕ ಏಳು.

ಆದದ್ದು ಇಷ್ಟು. ಸೋಮವಾರ ರಾತ್ರಿ ಒಂಬತ್ತು ತಾಸು ಮಲಗಿದೆ, ಮಂಗಳವಾರ ಮಧ್ಯಾಹ್ನ ಮತ್ತೆರಡು ತಾಸು. ಇವತ್ತು ಒಂದು ಪುಸ್ತಕದ 40 ಪುಟ ಓದಿದೆ. ಓದುವಾಗೆಲ್ಲ ‘ಬರೆಯಬೇಕಿತ್ತು’ ಅನ್ನಿಸ್ತು. ಬರೆಯಲು ಕೂತರೆ ‘ಆ ಪುಸ್ತಕ ಮುಗಿಸಬೇಕಿತ್ತು’ ಅನ್ನಿಸ್ತು. ಮಲಗಿದರೆ ಎರಡೂ ಅನ್ನಿಸ್ತು. ಮೂರು ದಿನದಲ್ಲಿ ಬರೆದದ್ದು ನಾಲ್ಕು ಸಾಲು, ಅದರಲ್ಲಿ ಮೂರು ಹೊಡೆದು ಹಾಕಿದೆ.

ಬಿಡುವು ಸಿಕ್ಕಾಗ ನೀವೆಲ್ಲ ಹೇಗೆ ಹೊಂದಿಸ್ತೀರಿ? ಮೊದಲು ಯಾವುದು?

ಕವಳದಸಂಚಿ · 9:14

ಮೊದಲು ಒಂದು ಕವಳ (ಎಲೆ-ಅಡಕೆ). ಆಮೇಲೆ ಉಳಿದದ್ದೆಲ್ಲ.

ಬೆಳಗಿನೈದು · 9:31

ತಂಗೀ, ಬೇಜಾರು ಮಾಡಿಕೊಳ್ಳಬೇಡ. ಪಟ್ಟಿ ಸರಿಯಾಗೇ ಇದೆ, ಅದನ್ನು ನಡೆಸಿಕೊಂಡು ಹೋಗುವುದರಲ್ಲಿ ಸೋತಿದ್ದೀಯ. ನಾನು ಕುಮಟೆಯವ, ಬ್ಯಾಂಕಿನಿಂದ ನಿವೃತ್ತನಾಗಿ ಆರು ವರ್ಷ. ಮಳೆ ಇರಲಿ, ಸೆಕೆ ಇರಲಿ, ಬೆಳಿಗ್ಗೆ ಐದಕ್ಕೆ ಎದ್ದು ಚಾ ಕೂಡ ಕುಡಿಯದೆ ಎರಡು ಪುಟ ಬರೀತೇನೆ. ಬರೆದ ಮೇಲೇ ಚಾ. ಸ್ಫೂರ್ತಿ ಬರಲಿ ಅಂತ ಕಾಯ್ತಾ ಕೂತರೆ ನಾವು ಕುಮಟೆ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅದು ಹೊನ್ನಾವರ ದಾಟಿರ್ತದೆ.

ಹಾಳೆಟೊಪ್ಪಿ · 9:38

ಹಾಗೆ ಬರೆದದ್ದು ಎಷ್ಟು ಪ್ರಕಟವಾಯ್ತು ರಾಯರೇ?

ಬೆಳಗಿನೈದು · 9:44

ಕಾದಂಬರಿ ಒಂದು ಮುಗಿದಿದೆ. 612 ಪುಟ. ಓದಿದವರು ಯಾರೂ ಇಲ್ಲ, ನಮ್ಮ ಮನೆಯವಳೂ ಸೇರಿ. ಆದರೆ ಇಲ್ಲಿ ಪ್ರಶ್ನೆ ಅದಲ್ಲ.

ಕವಳದಸಂಚಿ · 9:45

😂😂 612!

ರಾತ್ರಿಪಾಳಿ · 10:20

ಕೈಗಾದಲ್ಲಿ ಶಿಫ್ಟ್ ಕೆಲಸ ನನ್ನದು. ರಾತ್ರಿ ಶಿಫ್ಟ್ ಸಾಲಾಗಿ ಮುಗಿಸಿ ಮಲ್ಲಾಪುರದ ಕ್ವಾರ್ಟರ್ಸಿಗೆ ಬಂದರೆ ಮೊದಲ ದಿನ ನನ್ನದಲ್ಲ ಅಂತ ಬಿಟ್ಟುಕೊಟ್ಟಿದ್ದೇನೆ. ಮೊದಲೆಲ್ಲ ನಾನೂ ಹಠ ಮಾಡ್ತಿದ್ದೆ. ಅಲಾರಾಂ ಇಟ್ಟು ಎದ್ದು, ಕಣ್ಣುರಿಯಲ್ಲೇ ಪುಸ್ತಕ ಬಿಚ್ಚಿ, ಒಂದೇ ಪ್ಯಾರಾ ನಾಲ್ಕು ಸಲ ಓದಿ, ಐದನೇ ಸಲಕ್ಕೆ ಪುಸ್ತಕ ಮುಖದ ಮೇಲೆ. ಅದು ಓದೂ ಅಲ್ಲ, ನಿದ್ದೆಯೂ ಅಲ್ಲ.

ಈಗ ಮೊದಲ ದಿನ ಪುಸ್ತಕ ಮುಟ್ಟುವುದೇ ಇಲ್ಲ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಕೈ ತಾನೇ ಪುಸ್ತಕ ಹುಡುಕ್ತದೆ. ಮೂರನೇ ದಿನ ರಜೆ ಇದ್ದರೆ ಏನಾದರೂ ಬರೆಯುವ ಮನಸ್ಸಾಗ್ತದೆ. ಸಂಕದಾಚೆ ಅವರೇ, ನಿಮಗೂ ಹಾಗೇ ಆಗಿದೆ ನೋಡಿ. ಎರಡು ದಿನ ನಿದ್ದೆ, ಮೂರನೇ ದಿನ 40 ಪುಟ. ಶಾಲೆ ಶುರುವಾದಾಗಿನಿಂದ ಬಾಕಿ ಇದ್ದ ನಿದ್ದೆ ಅದು, ಸೋಮಾರಿತನ ಅಲ್ಲ. ನಿಮ್ಮ ತಪ್ಪು ಒಂದೇ, ಮಲಗಿದ್ದನ್ನು ಲೆಕ್ಕ ಇಟ್ಟದ್ದು.

ಕಡಲತಡಿ · 10:41

ಕಾರವಾರದವರು ಇದಕ್ಕೆ 1883ರಲ್ಲೇ ಉತ್ತರ ಕೊಟ್ಟಿದ್ದೇವೆ 🙂 ರವೀಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಾಗ ಅವರಿಗೆ 22 ವರ್ಷ. ಕಾಳಿ ನದಿಯಲ್ಲಿ ದೋಣಿ ಹತ್ತಿ ಒಳಗೊಳಗೆ ಹೋದದ್ದು, ಬೆಳದಿಂಗಳಲ್ಲಿ ಮರಳಿ ಬಂದು ಉಸುಕಿನ ಮೇಲೆ ನಡೆದು ಮನೆ ಸೇರಿದ್ದು, ಎಲ್ಲ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ‘ಪ್ರಕೃತಿರ ಪ್ರತಿಶೋಧ’ ನಾಟಕ ಬರೆದದ್ದು ಇಲ್ಲೇ. ತಮ್ಮ ಮುಂದಿನ ಬರವಣಿಗೆಗೆಲ್ಲ ಅದು ಪೀಠಿಕೆ ಇದ್ದ ಹಾಗೆ ಅಂತಲೂ ಹೇಳಿದ್ದಾರೆ. ನಮ್ಮ ಬೀಚಿಗೆ ಇವತ್ತಿಗೂ ಅವರದೇ ಹೆಸರು.

ಹಾಗಾಗಿ ನನ್ನ ಮತ: ಮೊದಲು ಸುಮ್ಮನೆ ತಿರುಗಾಡಿ. ನಾಟಕ ತಾನೇ ಬರ್ತದೆ.

ಮಿಡಿಭರಣಿ · 10:52

ಅಣ್ಣ ಜಡ್ಜು. ಉಳಿಯಲು ಬಂಗ್ಲೆ. ದೋಣಿಗೆ ದೋಣಿಯವ. ಬೆಳದಿಂಗಳಲ್ಲಿ ತಿರುಗಿ ಬಂದಾಗ ಊಟ ಬಿಸಿ ಮಾಡಿ ಕೊಟ್ಟವರು ಯಾರು ಅಂತಲೂ ನೆನಪುಗಳಲ್ಲಿ ಇದೆಯಾ?

ಟಾಗೋರರ ಮೇಲೆ ಸಿಟ್ಟಲ್ಲ. ಸಂಕದಾಚೆ ಅಕ್ಕಾ, ಒಂದು ಕೇಳಬೇಕಿತ್ತು. ಶಾಲೆಗೆ ರಜೆ ಅಂದರೆ ನಿಮ್ಮ ಮನೆ ಮಕ್ಕಳಿಗೂ ರಜೆ ತಾನೇ? ಪಟ್ಟಿಯಲ್ಲಿ ಅವರೆಲ್ಲಿ?

ಸಂಕದಾಚೆ · 11:05

ಮಕ್ಕಳಿಬ್ಬರು. ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಅತ್ತೆಗೆ ಮಂಡಿನೋವು, ಈ ಥಂಡಿಯಲ್ಲಿ ಜಾಸ್ತಿ. ಮನೆಯವರು ಹುಬ್ಬಳ್ಳಿಯಲ್ಲಿ, ಶನಿವಾರ ಬರ್ತಾರೆ. ಒಂದು ದನ, ಒಂದು ಕರು.

ಪಟ್ಟಿಯಲ್ಲಿ ಇವರ್ಯಾರೂ ಇಲ್ಲ. ನೀವು ಕೇಳಿದ ಮೇಲೆ ಮತ್ತೊಮ್ಮೆ ತೆಗೆದು ನೋಡಿದೆ. ನಾನೊಬ್ಬಳೇ ಇರುವ ಮನೆಗೆ ಪಟ್ಟಿ ಬರೆದಿದ್ದೇನೆ.

ಹಾಳೆಟೊಪ್ಪಿ · 11:09

ಹಾಗಾದರೆ ಒಂಬತ್ತು ತಾಸು ಮಲಗಿದ್ದು ಹೇಗೆ? ನನಗೆ ಅದೇ ಆಶ್ಚರ್ಯ. ಐದು ವರ್ಷದ ಪೋರ ಇರುವ ಮನೆಯಲ್ಲಿ!

ಸಂಕದಾಚೆ · 11:13

ಅತ್ತೆ ಎಬ್ಬಿಸಲಿಲ್ಲ. ಯಾವತ್ತೂ ಇಷ್ಟು ಮಲಗದವಳು, ಜ್ವರ ಬಂದಿರಬೇಕು ಅಂದುಕೊಂಡರಂತೆ. ಎದ್ದಾಗ ಕಷಾಯ ತಯಾರಿತ್ತು. ಕುಡಿದೆ, ಜ್ವರ ಇಲ್ಲ ಅಂತ ಹೇಳಲಿಲ್ಲ.

ಮಿಡಿಭರಣಿ · 11:15

ಹೇಳಬೇಡಿ. ಶುಕ್ರವಾರದವರೆಗೆ ಜ್ವರ ಇರಲಿ.

ಗೋಪಿಚಿಟ್ಟೆ · 11:40

ಅಡ್ಡಿಲ್ಲೆ ತಂಗಿ, ಮನಿಕ್ಯ. ಬರವಣಿಗೆ ಎಲ್ಲಿಗೂ ಓಡಿಹೋಗ್ತಿಲ್ಲೆ.

ಬೈತಖೋಲದವಳು · ಗುರುವಾರ ಬೆಳಿಗ್ಗೆ 7:50

‘ಮಳೆ ರಜೆ’, ‘ಬಿಡುವು’ ಅಂತೆಲ್ಲ ಓದಿದಾಗ ನನಗೆ ಸ್ವಲ್ಪ ಉರೀತದೆ, ಕ್ಷಮಿಸಿ. ನಮ್ಮದು ಬೋಟಿನ ಮನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ನಿಷೇಧ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಬಂದರಿನಲ್ಲಿ ಸಾಲಾಗಿ ಕಟ್ಟಿದ ಬೋಟು ನೋಡಿದವರು ‘ಎರಡು ತಿಂಗಳು ಆರಾಮ ಅಲ್ಲವೇನ್ರೀ’ ಅಂತಾರೆ. ಬಲೆ ಬಿಚ್ಚಿ ಹರಿದಲ್ಲೆಲ್ಲ ಹೆಣೆಯಬೇಕು. ಇಂಜಿನ್ ಕೆಲಸ, ಬಣ್ಣ, ಹಲಗೆ. ದುಡಿಮೆ ಸೊನ್ನೆ, ಖರ್ಚು ಪೂರ್ತಿ. ಅಪ್ಪ ಇಡೀ ದಿನ ಮನೆಯಲ್ಲೇ ಇರ್ತಾನೆ, ಆದರೆ ಅವನು ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ.

ಇನ್ನೊಂದು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ಮೇಲೆ ನಮ್ಮಮ್ಮ ಜೋರು ಮಳೆ ಬಂದ ರಾತ್ರಿ ಮಲಗುವುದಿಲ್ಲ. ನಮ್ಮ ಮನೆ ಹಿಂದೆಯೂ ಗುಡ್ಡ. ಕಿಟಕಿ, ಮಳೆ, ಬಿಸಿ ಕಪ್ಪು, ಪಕ್ಕದಲ್ಲಿ ಪುಸ್ತಕ ಅಂತ ಫೋಟೋ ಹಾಕುವವರು ಆ ಕಿಟಕಿ ಯಾವ ಕಡೆ ಇದೆ ಅಂತಲೂ ನೋಡಿಕೊಳ್ಳಬೇಕು.

ಹೇಳಬೇಕೆಂದಿದ್ದು ಇದಷ್ಟೇ ಅಲ್ಲ, ದಾರಿ ತಪ್ಪಿತು. ಬಲೆ ಹೆಣೆಯುವಾಗ ನಾಲ್ಕಾರು ಗಂಡಸರು ಒಟ್ಟಿಗೆ ಕೂರ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ನಾನು ಇವತ್ತಿನವರೆಗೆ ಬರೆದ ಒಂದೊಂದು ಕಥೆಯೂ ಅಲ್ಲಿ ಚಾ ಕೊಡಲು ಹೋಗಿ ಬಾಗಿಲಲ್ಲಿ ನಿಂತು ಕೇಳಿದ್ದು. ಅದು ವಿಶ್ರಾಂತಿಯಾ, ಓದಾ, ಬರವಣಿಗೆಯಾ ಅಂತ ಕೇಳಿದರೆ ನನಗೆ ಹೇಳಲಿಕ್ಕೆ ಬರುವುದಿಲ್ಲ.

ಸಂಕದಾಚೆ · 8:30

ಉರಿದದ್ದು ಸರಿಯೇ ಇದೆ. ನಾನು ‘ಮನೆಯಲ್ಲಿದ್ದೇನೆ’ ಅಂತ ಬರೆದದ್ದರ ಜೊತೆ ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ಹಳ್ಳ ದಾಟಿ ಬರಬೇಕಾದವರು, ರಜೆ ಕೊಟ್ಟದ್ದೇ ಅದಕ್ಕೆ ಅಂತಲೂ ಬರೆಯಬೇಕಿತ್ತು.

ಬೆಳಗಿನೈದು · 9:02

ಕೆಲಸದ ನಡುವೆಯೇ ಬರೆದವರ ಊರು ನಮ್ಮದು, ಅದನ್ನು ಮರೆಯಬಾರದು. ಗೌರೀಶ ಕಾಯ್ಕಿಣಿ ಗೋಕರ್ಣದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಲೇ ಅಷ್ಟು ಬರೆದರು. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ನೌಕರಿಯಲ್ಲಿದ್ದುಕೊಂಡು ಬರೆದರು. ದಿನಕರ ದೇಸಾಯಿಯವರು ರೈತರ ಹೋರಾಟ, ಶಾಲೆ ಕಟ್ಟುವುದು, ಪತ್ರಿಕೆ ಎಲ್ಲದರ ನಡುವೆ ನಾಲ್ಕು ಸಾಲಿನ ಚುಟುಕ ಹೊಸೆದರು. ಇವರಿಗೆಲ್ಲ ಡೀಸಿ ರಜೆ ಕೊಟ್ಟಿದ್ದರೇ?

ಮಿಡಿಭರಣಿ · 9:06

ಮೂವರೂ ಗಂಡಸರು. ಅಷ್ಟು ಹೇಳಿ ಸುಮ್ಮನಾಗ್ತೇನೆ.

ಹಾಳೆಟೊಪ್ಪಿ · 9:07

ಸುಮ್ಮನಾಗಲ್ಲ ಅಂತ ಎಲ್ಲರಿಗೂ ಗೊತ್ತು.

ಮಿಡಿಭರಣಿ · 9:25

ಸರಿ, ಆಗುವುದಿಲ್ಲ. ನಮ್ಮಜ್ಜಿ ಮದುವೆ ಹಾಡು, ಆರತಿ ಹಾಡು, ಬೀಸುವಾಗಿನ ಹಾಡು ಅಂತ ನೂರಾರು ಹಾಡು ಬಾಯಲ್ಲಿಟ್ಟುಕೊಂಡಿದ್ದಳು. ಕೆಲವಕ್ಕೆ ತಾನೇ ಸಾಲು ಸೇರಿಸ್ತಿದ್ದಳು. ಒಂದೂ ಬರೆದಿಡಲಿಲ್ಲ. ಕಾರಣ ಸೋಮಾರಿತನವೂ ಅಲ್ಲ, ಐದು ಗಂಟೆಗೆ ಏಳದ್ದೂ ಅಲ್ಲ. ಅವಳು ನಾಲ್ಕಕ್ಕೇ ಏಳ್ತಿದ್ದಳು, ಕೊಟ್ಟಿಗೆಗೆ.

ಬೆಳಗಿನೈದು · 9:33

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತೋಟದಮನೆ · 11:20

ಈಗಷ್ಟೇ ಕರೆಂಟ್ ಬಂತು, ಎಲ್ಲ ಓದಿದೆ. ಸಿದ್ದಾಪುರ ಕಡೆಯ ಅಡಕೆ ತೋಟದವ ನಾನು. ನಮ್ಮ ಕತೆಯೂ ಹೆಚ್ಚುಕಡಿಮೆ ಬೋಟಿನ ಮನೆಯದೇ. ಮೊದಲ ಮದ್ದು ಜೂನಿನಲ್ಲಿ ಹೊಡೆದಾಯ್ತು, ಎರಡನೆಯದಕ್ಕೆ ನಲವತ್ತು-ನಲವತ್ತೈದು ದಿನ ಆಗ್ತಾ ಬಂತು. ಸುಣ್ಣ, ಮೈಲುತುತ್ತ ತಂದಿಟ್ಟಾಗಿದೆ. ಆದರೆ ಹೊಳ (ಮಳೆಯ ಬಿಡುವು) ಆಗದೆ ಕೊನೆಗೌಡ ಮರ ಹತ್ತುವುದಿಲ್ಲ, ಹತ್ತಿ ಹೊಡೆದರೂ ಮಳೆ ತೊಳೆದುಕೊಂಡು ಹೋಗ್ತದೆ. ಹೊಡೆಯದಿದ್ದರೆ ಕೊಳೆ ಬಂದು ಎಳೆ ಅಡಕೆಯೆಲ್ಲ ಬುಡಕ್ಕೆ. ಹಾಗಾಗಿ ಜಗಲಿಯಲ್ಲಿ ಕೂತು ಮೋಡ ನೋಡುವುದು. ನೋಡಿದವರು ‘ಹೆಗಡೇರು ಆರಾಮ ಕೂತಿದ್ರು’ ಅಂತಾರೆ.

ಆದರೆ ನಾನು ಹೇಳಹೊರಟದ್ದು ಅಪ್ಪನ ಡೈರಿ ವಿಷಯ. ನಮ್ಮ ಅಂಗಳದಲ್ಲಿ ಮಳೆಮಾಪಕ ಇದೆ. ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಡೈರಿಯಲ್ಲಿ ಮಿಲಿಮೀಟರ್ ಬರೆದಿಡ್ತಿದ್ದ. ಅಂಕಿಯ ಕೆಳಗೆ ಒಂದು ಸಾಲು. ಒಂದೇ ಸಾಲು, ಯಾಕೆಂದರೆ ಆ ಡೈರಿಯಲ್ಲಿ ಒಂದು ದಿನಕ್ಕೆ ಅಷ್ಟೇ ಜಾಗ ಇತ್ತು. ಅಪ್ಪ ಹೋದ ಮೇಲೆ ಅಟ್ಟದಿಂದ ಇಳಿಸಿ ನೋಡಿದರೆ 29 ಡೈರಿ. ‘112. ಗೌರಿ ಕರು ಹಾಕಿತು. ಮದ್ದು ಮುಗಿಯಲಿಲ್ಲ.’ ‘86. ಸಂಕ ಹೋಯಿತು. ಭಟ್ಟರು ಆಚೆಯೇ ಉಳಿದರು.’ ‘0. ಬಿಸಿಲು. ಎಲ್ಲರೂ ಬಟ್ಟೆ ಒಣಗಿಸಿದರು.’ ನಾನು ಹುಟ್ಟಿದ ದಿನ ‘64. ಗಂಡು. ರಸ್ತೆ ಸರಿಯಿಲ್ಲ.’ ಅಷ್ಟೇ.

ಅಪ್ಪ ಕವಿಯಲ್ಲ, ಪಂಚಾಂಗ ಮತ್ತು ಪೇಪರು ಬಿಟ್ಟು ಏನನ್ನೂ ಓದಿದವನೂ ಅಲ್ಲ. ಹೋದ ಮಳೆಗಾಲದಲ್ಲಿ ಆ 29 ಡೈರಿಯನ್ನೂ ಒಂದೊಂದಾಗಿ ಓದಿದೆ. ಓದುತ್ತ ಓದುತ್ತ ಎಷ್ಟೋ ಕಡೆ ನಿದ್ದೆ ಹೋದೆ. ನಿದ್ದೆಯಿಂದ ಎದ್ದು ಮಧ್ಯದ ಒಂದು ಪುಟ ತೆಗೆದರೆ ‘140. ಯಾರೂ ಬರಲಿಲ್ಲ’ ಅಂತ ಇತ್ತು. ಆ ಸಾಲನ್ನು ನೋಡಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಈಗ ನಾನೂ ಹಾಗೇ ಬರೀತೇನೆ. ಬೆಳಿಗ್ಗೆ ಒಂದು ಅಂಕಿ, ಒಂದು ಸಾಲು. ಮಳೆಗಾಲ ಮುಗಿದ ಮೇಲೆ ಅದರಲ್ಲಿ ಯಾವುದಾದರೂ ಸಾಲು ಕಥೆ ಬೇಡಿದರೆ ಬರೆಯುವುದು. ಇಲ್ಲದಿದ್ದರೆ ಬಿಡುವುದು.

ಬೈತಖೋಲದವಳು · 11:31

‘140. ಯಾರೂ ಬರಲಿಲ್ಲ.’ ನನ್ನ ಕಥೆಯೊಂದನ್ನು ಹರಿದು ಹಾಕುವ ಹಾಗೆ ಮಾಡಿದಿರಿ.

ರಾತ್ರಿಪಾಳಿ · 11:36

ಹೆಗಡೇರೇ, ಆ ಡೈರಿ ಅಚ್ಚು ಹಾಕಿಸಿ. 612 ಪುಟಕ್ಕಿಂತ ಬೇಗ ಖರ್ಚಾಗ್ತದೆ.

ಬೆಳಗಿನೈದು · 11:37

ಕೇಳಿಸ್ತು.

ಮೆತ್ತಿನಮೇಲೆ · 12:10

ಡೈರಿಯ ಮಾತು ಬಂತು ಅಂತ ಕೇಳ್ತಿದ್ದೇನೆ, ವಿಷಯಾಂತರ ಆದರೆ ಬಯ್ಯಬೇಡಿ. 29 ಡೈರಿ ಬೂಷ್ಟು ಹಿಡಿಯದೆ ಹೇಗೆ ಉಳೀತು? ನಮ್ಮ ಮನೆಯಲ್ಲಿ ಕಪಾಟಿನ ಪುಸ್ತಕಕ್ಕೆಲ್ಲ ಬಿಳಿ ಬೂಷ್ಟು. ಈ ಥಂಡಿಯಲ್ಲಿ ಓದಲು ಕೂತರೆ ಪುಸ್ತಕ ಒರೆಸುವುದರಲ್ಲೇ ಮಧ್ಯಾಹ್ನ ಮುಗೀತದೆ.

ತೋಟದಮನೆ · 12:18

ಒಲೆ ಮೇಲಿನ ಅಟ್ಟದಲ್ಲಿ ಇತ್ತು. ಹೊಗೆ ತಾಗಿದ್ದಕ್ಕೆ ಹುಳವೂ ಇಲ್ಲ, ಬೂಷ್ಟೂ ಇಲ್ಲ. ಪುಟ ಮಾತ್ರ ಚಾದ ಬಣ್ಣ, ವಾಸನೆ ಸುಟ್ಟ ಹಪ್ಪಳದ್ದು.

ಗೋಪಿಚಿಟ್ಟೆ · 12:25

ಬಜೆ ಬೇರು ಒಣಗಿಸಿ ಪುಸ್ತಕದ ಸಾಲಿನ ಹಿಂದೆ ಇಡಿ. ಹಿಂದಿನವರು ತಾಳೆಗರಿ ಕಟ್ಟಿಗೂ ಅದನ್ನೇ ಇಡ್ತಿದ್ದರು. ಹುಳ ಬರುವುದಿಲ್ಲ. ಬೂಷ್ಟಿಗೆ ಮಾತ್ರ ಗಾಳಿ, ಬಿಸಿಲೇ ಮದ್ದು. ಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಬಿಡಿ.

ಕವಳದಸಂಚಿ · 12:27

ಹಪ್ಪಳ ಅಂದಿರಿ, ಈಗ ಹಲಸಿನ ಹಪ್ಪಳ ಬೇಕು. ಯಾರಾದರೂ ಕೊಬ್ಬರಿ ಎಣ್ಣೆ ಸವರಿ ಕೆಂಡದಲ್ಲಿ ಸುಡ್ತಾರಾ ಇನ್ನೂ?

ಮೆತ್ತಿನಮೇಲೆ · 12:29

ನಾವು ಸುಡ್ತೇವೆ. ಜೊತೆಗೆ ತೆಂಗಿನಕಾಯಿ ಚೂರು. ಮಧ್ಯಾಹ್ನ ಅಪ್ಪೆಹುಳಿ ಕುಡಿದರೆ ಮುಗೀತು, ಓದೂ ಇಲ್ಲ ಬರವಣಿಗೆಯೂ ಇಲ್ಲ, ನೇರ ನಿದ್ದೆ.

ನಿರ್ವಾಹಕ · 12:40

ಅಡುಗೆಗೆ ಬೇರೆ ಎಳೆ ಇದೆ. ದಯವಿಟ್ಟು.

ಕಡಲತಡಿ · 12:58

ಮತ್ತೆ ವಿಷಯಕ್ಕೆ. ಕೊಂಕಣ ರೈಲ್ವೆಗೇ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ. ಗಾಡಿಯ ವೇಗ ಇಳಿಸಿ, ಹೊತ್ತು ಬದಲಿಸಿ ಓಡಿಸ್ತಾರೆ. ಸಂಕದಾಚೆ ಅವರು ಬೇಸಿಗೆಯ ವೇಳಾಪಟ್ಟಿ ಹಿಡಿದು ಪುನರ್ವಸುವಿನಲ್ಲಿ ಗಾಡಿ ಬಿಟ್ಟಿದ್ದಾರೆ.

ಹಾಳೆಟೊಪ್ಪಿ · 1:01

ಶಿರಸಿಗೆ ರೈಲೇ ಇಲ್ಲ ಮಾರಾಯ್ರೇ. ತಾಳಗುಪ್ಪದಲ್ಲಿ ಬಂದು ನಿಂತದ್ದು ಮುಂದೆ ಬರಲೇ ಇಲ್ಲ. ನಮಗೆ ಎಂತ ವೇಳಾಪಟ್ಟಿ!

ಕವಳದಸಂಚಿ · 1:03

ಬಂದರೆ ತೋಟ ಹೋಗ್ತದೆ, ಕಾಡು ಹೋಗ್ತದೆ. ಬರದಿದ್ದದ್ದೇ ಒಳ್ಳೇದು.

ಹಾಳೆಟೊಪ್ಪಿ · 1:04

ಹುಬ್ಬಳ್ಳಿ ಆಸ್ಪತ್ರೆಗೆ ರಾತ್ರಿ ರೋಗಿ ಕರಕೊಂಡು ಹೋದವರಿಗೆ ಕೇಳು ಒಳ್ಳೇದಾ ಕೆಟ್ಟದ್ದಾ ಅಂತ.

ನಿರ್ವಾಹಕ · 1:10

ರೈಲಿಗೂ ಬೇರೆ ಎಳೆ ಇದೆ. ಅದು ನಾಲ್ಕು ವರ್ಷದಿಂದ ನಡೀತಾ ಇದೆ, ಅಲ್ಲಿಗೆ ಹೋಗಿ.

ಅರ್ಥಧಾರಿ · 3:45

ನಾನು ಹೊನ್ನಾವರ ಕಡೆಯವ, ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳ್ತೇನೆ. ಮೇಳದ ಆಟಗಳು ಮುಗಿದ ಮೇಲೆ ಮಳೆಗಾಲವೇ ನಮ್ಮ ಸೀಸನ್. ಇಲ್ಲಿ ಎಲ್ಲರೂ ಓದು ಬೇರೆ, ವಿಶ್ರಾಂತಿ ಬೇರೆ, ಸೃಷ್ಟಿ ಬೇರೆ ಅಂತ ಮೂರು ಡಬ್ಬಿ ಮಾಡಿದ್ದೀರಿ. ನಮಗೆ ಹಾಗಿಲ್ಲ. ಶನಿವಾರ ಕರ್ಣನ ಅರ್ಥ ಹೇಳಬೇಕು ಅಂದರೆ ಸೋಮವಾರ ಪ್ರಸಂಗದ ಪದ್ಯ ನೋಡಿಕೊಳ್ತೇನೆ. ಮಹಾಭಾರತದಲ್ಲಿ ಆ ಭಾಗ ಓದ್ತೇನೆ. ಅಲ್ಲಿಗೆ ಪುಸ್ತಕ ಮುಚ್ಚಿತು. ಆಮೇಲೆ ಮೂರು ದಿನ ಮಂಚದ ಮೇಲೆ ಬಿದ್ದುಕೊಂಡು ಸೂರು ನೋಡುವುದು. ಮನೆಯವರ ಕಣ್ಣಿಗೆ ಅದು ಮಲಗಿದ್ದು. ನಾನು ಕೃಷ್ಣನಿಗೆ ಏನು ಉತ್ತರ ಕೊಡಲಿ ಅಂತ ಹುಡುಕ್ತಾ ಇರ್ತೇನೆ. ಎದುರಿನ ಅರ್ಥಧಾರಿ ಏನು ಕೇಳ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ, ಹಾಗಾಗಿ ಬರೆದಿಟ್ಟುಕೊಂಡು ಹೋಗಿ ಪ್ರಯೋಜನವೂ ಇಲ್ಲ.

ಒಂದು ಸಲ ಬರೆದುಕೊಂಡು ಹೋಗಿದ್ದೆ. ಎದುರಿನವರು ನನ್ನ ಮೊದಲ ಮಾತಿಗೇ ದಾರಿ ಬದಲಿಸಿದರು. ಮುಂದಿನ ಅರ್ಧ ತಾಸು ನಾನು ಬರೆದದ್ದನ್ನು ಬಿಡಲೂ ಆಗದೆ, ಹೇಳಲೂ ಆಗದೆ ಒದ್ದಾಡಿದ್ದನ್ನು ನಮ್ಮೂರಲ್ಲಿ ಇನ್ನೂ ಹೇಳಿ ನಗ್ತಾರೆ.

ಬೆಳಗಿನೈದು · 4:02

ಆದರೆ ಮಾತು ಗಾಳಿಗೆ ಹೋಯ್ತು. ಬರಹ ಉಳೀತದೆ.

ಅರ್ಥಧಾರಿ · 4:05

ಉಳಿದದ್ದನ್ನು ಯಾರಾದರೂ ಓದಬೇಕಲ್ಲ ಸ್ವಾಮಿ.

ಕವಳದಸಂಚಿ · 4:06

ಇವತ್ತು ಕುಮಟೆಗೆ ಸಿಡಿಲು ಜಾಸ್ತಿ 😂

ಮಿಡಿಭರಣಿ · 4:30

ಪಾಪ, ಅವರನ್ನು ಬಿಡಿ. ಬೆಳಗಿನೈದು ಅವರೇ, ಮೊದಲ 30 ಪುಟ ನನಗೆ ಕಳಿಸಿ, ಓದ್ತೇನೆ. ಖರೆ ಹೇಳ್ತಿದ್ದೇನೆ. ಚೆನ್ನಾಗಿಲ್ಲದಿದ್ದರೆ ಅದನ್ನೂ ಹೇಳ್ತೇನೆ.

ಬೆಳಗಿನೈದು · 4:41

ಕಳಿಸಿದ್ದೇನೆ. (ಕೈ ನಡುಗಿತು, ಸುಳ್ಳಲ್ಲ.)

ರಾತ್ರಿಪಾಳಿ · 5:15

ಸಂಕದಾಚೆ ಅವರೇ, ಎಲ್ಲರೂ ಉಪದೇಶ ಕೊಟ್ಟದ್ದಾಯ್ತು, ಆ ಕಥೆ ನಿಂತದ್ದು ಎಲ್ಲಿ ಅಂತ ಯಾರೂ ಕೇಳಲೇ ಇಲ್ಲ. ಎರಡು ವರ್ಷ ನಿದ್ದೆ ಕಮ್ಮಿಯಾದದ್ದಕ್ಕೆ ನಿಲ್ಲುವುದಿಲ್ಲ ಕಥೆ.

ಸಂಕದಾಚೆ · 6:20

ಹುಡುಗಿ ಕಾಲುಸಂಕದ ಹತ್ತಿರ ನಿಂತಿದ್ದಾಳೆ. ಎರಡು ಅಡಕೆ ಮರದ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು. ಹಳ್ಳ ತುಂಬಿದೆ. ಶಾಲೆ ಆಚೆ, ಮನೆ ಈಚೆ. ಚೀಲದಲ್ಲಿ ಪರೀಕ್ಷೆಯ ಪೇಪರು ಇದೆ, ಅಪ್ಪನ ಸಹಿ ಇವಳೇ ಹಾಕಿದ್ದು. ಅಲ್ಲಿಗೆ ನಿಂತಿದೆ. ದಾಟಿಸಿದರೆ ಸುಳ್ಳು ಅನ್ನಿಸ್ತದೆ, ಬೀಳಿಸಲಿಕ್ಕೆ ಮನಸ್ಸು ಬರುವುದಿಲ್ಲ.

ತೋಟದಮನೆ · 6:34

ಅಡಕೆ ದಬ್ಬೆ ಎರಡು ಮಳೆಗಾಲ ತಡೆಯುವುದಿಲ್ಲ. ನೀವು ಎರಡು ವರ್ಷದಿಂದ ಅವಳನ್ನು ಅಲ್ಲಿ ನಿಲ್ಲಿಸಿದ್ದೀರಿ, ಸಂಕವೇ ಕೊಳೆತಿರಬೇಕು ಈಗ.

ಅರ್ಥಧಾರಿ · 6:40

ಅವಳು ಯಾರ ಜೊತೆಗೂ ಮಾತಾಡ್ತಾ ಇಲ್ಲವಲ್ಲ, ಅದೇ ತೊಂದರೆ. ಎದುರಿಗೆ ಒಬ್ಬರನ್ನು ತನ್ನಿ. ಒಂಟಿ ಪಾತ್ರ ಎಷ್ಟು ಹೊತ್ತು ಅಂತ ಅರ್ಥ ಹೇಳ್ತದೆ?

ಕವಳದಸಂಚಿ · 6:44

ವಾಪಸ್ ಮನೆಗೆ ಹೋಗಿ ಮಲಗಲಿ. ಹೇಗೂ ನಾಳೆ ರಜೆ.

ಬೈತಖೋಲದವಳು · 6:58

ಬೀಳಿಸಬೇಡಿ ಮಾತ್ರ. ನಮ್ಮ ಕಡೆ ಕಥೆಗಳಲ್ಲಿ ನೀರಿಗೆ ಬಿದ್ದ ಹುಡುಗಿಯರು ಸಾಕಷ್ಟಾಗಿದ್ದಾರೆ.

ಗೋಪಿಚಿಟ್ಟೆ · 7:15

ಅವಳ ಕಾಲಿಗೆ ಉಂಬಳ (ಜಿಗಣೆ) ಹತ್ತಲಿ. ಅಷ್ಟು ಹೊತ್ತು ಹಳ್ಳದ ಬದಿ ನಿಂತರೆ ಹತ್ತದೆ ಇರ್ತದಾ? ಉಂಬಳ ಇಲ್ಲದ ಮಳೆಗಾಲದ ಕಥೆ ಬೆಂಗಳೂರಲ್ಲಿ ಕೂತು ಬರೆದದ್ದು ಅಂತ ಎರಡನೇ ಸಾಲಿಗೇ ಗೊತ್ತಾಗ್ತದೆ.

ಸಂಕದಾಚೆ · ಶುಕ್ರವಾರ ರಾತ್ರಿ 7:20

ನಿನ್ನೆ ರಾತ್ರಿ ಇಲ್ಲಿಗೆ ಬರಲಿಲ್ಲ. ಪಟ್ಟಿ ಹರಿದು ಬಚ್ಚಲ ಒಲೆಗೆ ಹಾಕಿದೆ ಅಂತ ಹೇಳಿದರೆ ನಾಟಕ ಅನ್ನಿಸ್ತದೆ. ಅದು ಫ್ರಿಜ್ಜಿನ ಮೇಲೆ ಅಂಟಿಸಿದ ಹಾಗೇ ಇದೆ, ಮಗ ಅದರ ಮೇಲೆ ಆನೆ ಬರೆದಿದ್ದಾನೆ.

ಇವತ್ತು ಸಂಜೆ ಮಕ್ಕಳ ಸ್ನಾನಕ್ಕೆ ನೀರು ಕಾಯಿಸ್ತಾ ಒಲೆ ಮುಂದೆ ಕೂತಿದ್ದೆ. ಕಟ್ಟಿಗೆ ಹಸಿ, ಊದಿ ಊದಿ ಕಣ್ಣೆಲ್ಲ ನೀರು. ಕೈಗೆ ಸಿಕ್ಕ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಗೆ ಮುಕ್ಕಾಲು ಪುಟ ಬರೆದೆ. ಹುಡುಗಿ ದಾಟಿಲ್ಲ. ಕಾಲಿಗೆ ಉಂಬಳ ಹತ್ತಿದೆ (ಗೋಪಿಚಿಟ್ಟೆ ಅಕ್ಕನಿಗೆ ನಮಸ್ಕಾರ). ಅದನ್ನು ಕಿತ್ತು ಹಾಕಲು ಬಗ್ಗಿದಾಗ ಆಚೆ ದಡದಲ್ಲಿ ಯಾರೋ ಕೊಡೆ ಹಿಡಿದು ಬಂದು ನಿಂತಿದ್ದಾರೆ. ಯಾರು ಅಂತ ನನಗಿನ್ನೂ ಗೊತ್ತಿಲ್ಲ. ಅಷ್ಟರಲ್ಲಿ ನೀರು ಕಾದಿತ್ತು.

ಓದು ಮತ್ತೆ 11 ಪುಟ. ಏಳು ಪುಸ್ತಕದಲ್ಲಿ ಆರನ್ನು ಕಪಾಟಿಗೆ ವಾಪಸ್ ಇಟ್ಟೆ, ಕಣ್ಣೆದುರು ಇದ್ದರೆ ಬಯ್ತವೆ.

ತೋಟದಮನೆ · 7:28

ಇವತ್ತು ನಮ್ಮಲ್ಲಿ 97. ಕೆಳಗೆ ಬರೆದದ್ದು: ‘ಸಂಕದ ಹತ್ತಿರ ಯಾರೋ ಬಂದರು.’

ಬೆಳಗಿನೈದು · 7:35

ಬಚ್ಚಲ ಒಲೆ ಎಷ್ಟು ಗಂಟೆಗೆ ಹಚ್ಚಿದ್ದು?

ಸಂಕದಾಚೆ · 7:36

ಐದಕ್ಕೆ. ಸಂಜೆ ಐದಕ್ಕೆ.

ಮಿಡಿಭರಣಿ · 7:50

612 ಪುಟದಲ್ಲಿ 30 ಓದಿದೆ. ಮೊದಲ 18 ಪುಟ ತೆಗೆಯಬಹುದು, ಅಲ್ಲಿ ಬರೀ ಬೆಳಗಾಗ್ತದೆ. ಹತ್ತೊಂಬತ್ತರಲ್ಲಿ ಆ ಬ್ಯಾಂಕಿನ ಕ್ಯಾಶಿಯರ್ ಬರ್ತಾನಲ್ಲ, ಅವನು ಚೆನ್ನಾಗಿದ್ದಾನೆ. ಮುಂದಿನ 50 ಕಳಿಸಿ.

ಬೆಳಗಿನೈದು · 7:52

🙏

ಕವಳದಸಂಚಿ · 8:04

ಏಯ್, ನಾಳೆಯೂ ರಜೆಯಂತೆ! ಈಗಷ್ಟೇ ವಾಟ್ಸ್ಯಾಪಿನಲ್ಲಿ ಆದೇಶ ಬಂತು. ಸಂಕದಾಚೆ ಅಕ್ಕಾ, ಇನ್ನೊಂದು ಮುಕ್ಕಾಲು ಪುಟ!

ಹಾಳೆಟೊಪ್ಪಿ · 8:06

ತಾರೀಖು ನೋಡೋ ಮಾರಾಯ. ಅದು ಹೋದ ವರ್ಷದ್ದು.

ಸಂಕದಾಚೆ · 8:09

ನಾಳೆ ಶಾಲೆ ಇದೆ. ಪೂರ್ತಿ ದಿನ. ಯೂನಿಫಾರಂ ಒಂದೂ ಒಣಗಿಲ್ಲ, ಒಲೆ ಮುಂದೆ ಹರವಲು ಹೋಗ್ತಿದ್ದೇನೆ.